ಮಿಕ್ಕಿದ ಬೋಲ್ಟುಗಳು

ಮನೆ ಮುಂದಿನ ಡ್ರೈವ್‌ವೇ ಮೇಲೆ ರಟ್ಟು ಹಾಸಿಕೊಂಡು ಅಂಗಾತ ಮಲಗಿದ್ದೆ. ತಲೆ ಚಕ್ರದ ಗೂಡಿನೊಳಗೆ, ಕಾಲು ಬಿಸಿಲಲ್ಲಿ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಮುಂದಿನ ಎಡಗಡೆ ಚಕ್ರ ಬಿಚ್ಚಿ ಹುಲ್ಲಿನ ಮೇಲೆ ಹಾಕಿದ್ದೆ. ನನ್ನವಳು ಕಾಫಿ ಲೋಟ ಹಿಡಿದು ಬಂದು ನನ್ನ ಕಾಲ ಹತ್ತಿರ ನಿಂತಳು.

"ಅರ್ಧ ಗಂಟೆಯಿಂದ ನೋಡ್ತಾನೇ ಇದ್ದೀರಿ. ಏನಿದೆ ರೀ ಅಲ್ಲಿ?"

"ಏನಿಲ್ಲ. ಲೈನರ್."

"ಕೆಟ್ಟಿದೆಯಾ?"

"ಕೆಟ್ಟಿಲ್ಲ. ಬೇಕಾ ಬೇಡವಾ ಅಂತ ನೋಡ್ತಿದ್ದೀನಿ."

ಲೋಟವನ್ನು ಬಂಪರ್ ಮೇಲಿಟ್ಟು ಒಳಗೆ ಹೋದಳು. ಮದುವೆಯಾಗಿ ಹದಿನೆಂಟು ವರ್ಷ. ಯಾವ ಮಾತು ಮುಂದುವರಿಸಿದರೆ ಮಧ್ಯಾಹ್ನದ ಊಟ ತಡವಾಗುತ್ತೆ ಅಂತ ಅವಳಿಗೆ ಚೆನ್ನಾಗಿ ಗೊತ್ತು.

ನಿಮ್ಮ ಕಾರಿನ ಮುಂದಿನ ಟೈರಿನ ಮೇಲೆ ಕೈ ತೂರಿಸಿ ತಡಕಿ ನೋಡಿ. ಮಡ್‌ಗಾರ್ಡಿನ ಒಳಮೈಗೆ ಒಂದು ಕಪ್ಪು ಹಾಳೆ ಬಾಗಿಸಿ ಕೂರಿಸಿರುತ್ತಾರೆ. ಅದೇ ವೀಲ್ ವೆಲ್ ಲೈನರ್. ಫೆಂಡರ್ ಲೈನಿಂಗ್ ಅನ್ನುವವರೂ ಇದ್ದಾರೆ. ಟೈರು ಎರಚುವ ನೀರು, ಕೆಸರು, ಕಲ್ಲು ಇಂಜಿನ್ ಕಡೆ ಹೋಗದ ಹಾಗೆ ತಡೆಯೋದು ಅದರ ಕೆಲಸ. ಹೊಸ ಕಾರಿನಲ್ಲಿ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಆದರೆ ಗಾಡಿಗೆ ಐವತ್ತು ವರ್ಷವಾಗಿ, ರಿಪೇರಿ ಕೆಲಸ ನಮ್ಮ ಕೈಯಲ್ಲೇ ಆಗಬೇಕು ಅನ್ನೋ ಹೊತ್ತಿಗೆ ಆ ಹಾಳೆ ಪ್ರತಿ ಸಲವೂ ಅಡ್ಡ ಬರುತ್ತೆ.

ನಮ್ಮದು 1976ರ ಜಿಎಂಸಿ ಮೋಟಾರ್‌ಹೋಮ್, ಅಂದರೆ ಚಕ್ರದ ಮೇಲಿನ ಮನೆ. 26 ಅಡಿ ಉದ್ದ. ನಾವಿರೋದು ಅಮೆರಿಕದ ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕ. ಗಾಡಿ ಹುಟ್ಟಿದ್ದು ಪಾಂಟಿಯಾಕ್ ಅನ್ನೋ ಊರಿನಲ್ಲಿ, ಅದೂ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. 1973ರ ಮಾಡೆಲ್‌ನಿಂದ 1978ರವರೆಗೆ ಮಾತ್ರ ಮಾಡಿದರು, ಒಟ್ಟು ಸುಮಾರು 13 ಸಾವಿರ. ಮಾರುಕಟ್ಟೆಗೆ ಬಂದ ವರ್ಷವೇ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದವು. ಏಳೂವರೆ ಲೀಟರಿನ, ಎಂಟು ಸಿಲಿಂಡರಿನ ವಿ8 ಇಂಜಿನ್ ಇಟ್ಟುಕೊಂಡು, ಲೀಟರಿಗೆ 4 ಕಿಲೋಮೀಟರ್ ಕೊಟ್ಟರೆ ದೊಡ್ಡದು ಅನ್ನೋ ಗಾಡಿಗೆ ಎಂಥ ಮುಹೂರ್ತ ನೋಡಿ.

ಆದರೂ ಅದನ್ನು ಮಾಡಿದವರ ಬಗ್ಗೆ ನನಗೆ ತುಂಬ ಗೌರವ. ಆಗಿನ ಹೆಚ್ಚಿನ ಮೋಟಾರ್‌ಹೋಮ್‌ಗಳು ಲಾರಿ ಚಾಸಿ, ಅಂದರೆ ಲಾರಿಯ ಉಕ್ಕಿನ ಚೌಕಟ್ಟಿನ ಮೇಲೆ ಪೆಟ್ಟಿಗೆ ಕೂರಿಸಿದ ಹಾಗಿದ್ದವು. ಇವರು ಹಾಗೆ ಮಾಡಲಿಲ್ಲ. ಓಲ್ಡ್ಸ್‌ಮೊಬಿಲ್ ಟೊರೊನಾಡೊ ಕಾರಿನ ಇಂಜಿನ್, ಗೇರ್‌ಬಾಕ್ಸ್ ತಂದು ಮುಂದಿನ ಚಕ್ರಗಳಿಗೇ ಎಳೆಯುವ ಕೆಲಸ ಕೊಟ್ಟರು. ಹಿಂದಕ್ಕೆ ಹೋಗುವ ಶಾಫ್ಟೇ ಇಲ್ಲ. ಹಾಗಾಗಿ ಮನೆಯ ನೆಲ ರಸ್ತೆಗೆ ಹತ್ತಿರ. ನಮ್ಮತ್ತೆ ಊರಿಂದ ಬಂದಾಗ ಮಂಡಿ ನೋವಿದ್ದರೂ ಒಂದೇ ಮೆಟ್ಟಿಲಲ್ಲಿ ಹತ್ತಿ ಕೂತರು. ಹಿಂದೆ ಒಂದೊಂದು ಪಕ್ಕಕ್ಕೂ ಎರಡೆರಡು ಚಕ್ರ, ಒಂದರ ಹಿಂದೆ ಒಂದು. ಅವೆರಡರ ನಡುವೆ ಗಾಳಿ ತುಂಬಿದ ಚೀಲ. ಲೀಫ್ ಸ್ಪ್ರಿಂಗ್ ಜಾಗದಲ್ಲಿ ಅದೇ. ಇಂಜಿನ್ ಎಲ್ಲಿ ಅಂತ ಕೇಳಿದರೆ, ಡ್ರೈವರ್ ಸೀಟಿನ ಹತ್ತಿರ ಕಾರ್ಪೆಟ್ ಎತ್ತಬೇಕು. ಅಲ್ಲೊಂದು ಮುಚ್ಚಳ. ತೆಗೆದರೆ ಕಾಲ ಕೆಳಗೇ ವಿ8.

ಮುಚ್ಚಳದಿಂದ ಕೈ ಹಾಕಿದರೆ ಇಂಜಿನ್ನಿನ ನೆತ್ತಿ ಸಿಗುತ್ತೆ, ಪಕ್ಕೆ ಸಿಗೋದಿಲ್ಲ. ಸ್ಪಾರ್ಕ್ ಪ್ಲಗ್ಗು, ಸೈಲೆನ್ಸರ್ ಕಡೆ ಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟು, ಇವಕ್ಕೆ ಮುಂದಿನ ಚಕ್ರದ ಗೂಡಿನಿಂದ ಹೋಗೋದೇ ಸಲೀಸು. ಹೋಗಲು ಅಡ್ಡ ಇರೋದು ಲೈನರ್. ಅದಕ್ಕೇ ಈ ತರಹದ ಗಾಡಿ ಇಟ್ಟುಕೊಂಡ ತುಂಬ ಜನ ಒಂದು ದಿನ ಬೇಸತ್ತು ಬಿಚ್ಚಿ ಬಿಸಾಕುತ್ತಾರೆ. ಅವರು ಹೇಳುವ ಇನ್ನೊಂದು ಕಾರಣ ಬಿಸಿ. ರೇಡಿಯೇಟರ್ ಗಾಡಿಯ ಮೂತಿಯಲ್ಲಿದೆ. ಅದರಿಂದ ಬಂದ ಬಿಸಿ ಗಾಳಿ ಇಂಜಿನ್ನಿನ ಮೈ ಸವರಿ, ಇನ್ನಷ್ಟು ಬಿಸಿಯಾಗಿ, ಎಲ್ಲೋ ಹೊರಗೆ ಹೋಗಬೇಕು. ಕೆಳಗಡೆಯಿಂದ ಒಂದಿಷ್ಟು ಹೋಗುತ್ತೆ. ಪಕ್ಕದಲ್ಲೂ ಕಿಟಕಿ ತೆರೆದ ಹಾಗೆ ಜಾಗ ಬಿಟ್ಟರೆ ಒಳ್ಳೆಯದಲ್ವಾ ಅನ್ನೋದು ಅವರ ವಾದ. ಟೈರಿನ ಅಳತೆ ಬದಲಾಯಿಸಿದವರದು ಮೂರನೇ ಕಾರಣ. ಈ ಗಾಡಿಗೆ ಮೊದಲಿದ್ದ ಹದಿನಾರೂವರೆ ಇಂಚಿನ ಟೈರು ಈಗ ಸಿಗೋದೇ ಕಷ್ಟ. ಹೆಚ್ಚಿನವರು 16 ಇಂಚಿಗೆ ಹೋಗಿದ್ದಾರೆ. ಸ್ವಲ್ಪ ದಪ್ಪ ಟೈರು ಹಾಕಿಬಿಟ್ಟರೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಲೈನರ್‌ಗೆ ಉಜ್ಜುತ್ತೆ.

ಇದನ್ನೆಲ್ಲ ಕೇಳಿದಾಗ ನನಗೆ ಹಾಸನದ ಮೆಕ್ಯಾನಿಕ್ ಒಬ್ಬರು ನೆನಪಾಗುತ್ತಾರೆ. ಅಪ್ಪನ ಅಂಬಾಸಿಡರ್ ಅವರ ಕೈಯಲ್ಲೇ ಬಾಳಿದ್ದು. ಕೆಲಸ ಮುಗಿದ ಮೇಲೆ ಒಂದು ಹಳೆ ಬನೀನಿನ ತುಂಡಿನಲ್ಲಿ ನಾಲ್ಕೈದು ಬೋಲ್ಟು, ಎರಡು ವಾಷರ್, ಒಂದೊಂದು ಸಲ ಒಂದು ತಗಡು, ಎಲ್ಲಾ ಸುತ್ತಿ ಅಪ್ಪನ ಕೈಗಿಡೋರು. "ಮಿಕ್ಕಿದೆ ಸಾರ್. ಇದಿಲ್ದಿದ್ರೂ ಗಾಡಿ ಓಡುತ್ತೆ." ಅಪ್ಪ ಮೇಷ್ಟ್ರು. ಲೆಕ್ಕ ತಪ್ಪಿದರೆ ಅವರಿಗೆ ಆಗದು. "ಕಂಪನಿಯೋರು ಸುಮ್ನೆ ಹಾಕಿರ್ತಾರೇನಪ್ಪಾ?" ಅಂತ ಕೇಳಿದರೆ, "ಕಂಪನಿಯೋರು ಜಾಸ್ತೀನೇ ಹಾಕಿರ್ತಾರೆ ಸಾರ್" ಅನ್ನೋ ಉತ್ತರ ಬರೋದು. ಒಂದು ಜುಲೈ ತಿಂಗಳು ಶಿರಾಡಿ ಘಾಟಿಯಲ್ಲಿ ಮಳೆ ಹೊಯ್ಯುತ್ತಿದ್ದಾಗ ಕಾರು ಕೆಮ್ಮಿ ಕೆಮ್ಮಿ ನಿಂತಿತು. ಬಾನೆಟ್ ಎತ್ತಿದರೆ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ತುಂಬ ನೀರು. ಅಪ್ಪ ಪಂಚೆಯ ತುದಿಯಿಂದ ಅದರ ಮುಚ್ಚಳ ಒರೆಸುತ್ತಾ, "ಆ ತಗಡು" ಅಂದರು. ಅಷ್ಟೇ ಅಂದದ್ದು. ಹಿಂದಿನ ವಾರ ಬನೀನಿನಲ್ಲಿ ಸುತ್ತಿಕೊಂಡು ಬಂದಿದ್ದ ತಗಡು ಮನೆಯ ಅಟ್ಟದ ಮೇಲಿತ್ತು.

ಆ ಘಾಟಿ ನೆನಪಿದ್ದೂ ನಾನು ಜೂನ್‌ನಲ್ಲಿ ಮುಂದಿನ ಎರಡೂ ಲೈನರ್ ಬಿಚ್ಚಿದೆ. ಕಾರಣ ಪ್ಲಗ್ಗು ಬದಲಾಯಿಸಬೇಕಿತ್ತು. ಬಿಚ್ಚಿದ ಮೇಲೆ ಆ ಗೂಡು ಎಷ್ಟು ಚೆಂದ ಕಾಣಿಸಿತು ಅಂದರೆ, ವಾಪಸ್ ಹಾಕಲು ಮನಸ್ಸೇ ಬರಲಿಲ್ಲ. ಬ್ರೇಕ್ ಪೈಪು, ಶಾಫ್ಟಿನ ರಬ್ಬರ್ ಬೂಟು, ಪ್ಲಗ್ಗಿನ ವೈರು, ಎಲ್ಲಾ ಕಣ್ಣೆದುರಿಗೆ. ಒಂದು ಬೇಸಿಗೆ ಹೀಗೇ ಓಡಿಸಿ ನೋಡೋಣ ಅಂದುಕೊಂಡೆ. ಮೆಕ್ಯಾನಿಕ್ ಮಾತು ನನ್ನ ಬಾಯಲ್ಲೇ ಬಂತು, ನಗುವೂ ಬಂತು.

ಮೊದಲು ಬಿಸಿಯ ವಿಷಯ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಮುಂಚೆ ಎಲ್ಲಿತ್ತೋ ಅಲ್ಲೇ ಇತ್ತು, ಕೂದಲೆಳೆಯಷ್ಟೂ ಕದಲಲಿಲ್ಲ. ಯಾಕೆ ಕದಲಬೇಕು? ಆ ಮುಳ್ಳು ತೋರಿಸೋದು ಇಂಜಿನ್ ಒಳಗಿನ ನೀರಿನ ಬಿಸಿಯನ್ನ. ಅದನ್ನು ಕಾಯೋದು ಥರ್ಮೋಸ್ಟಾಟ್ ಮತ್ತು ರೇಡಿಯೇಟರ್. ರೇಡಿಯೇಟರ್ ಗಟ್ಟಿಮುಟ್ಟಾಗಿದ್ದರೆ ಲೈನರ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಕಟ್ಟಿಕೊಂಡ ರೇಡಿಯೇಟರ್ ಸರಿ ಮಾಡಿಸದೆ ಲೈನರ್ ಬಿಚ್ಚೋದು, ಜ್ವರ ಬಂದವನಿಗೆ ಅಂಗಿ ಬಿಚ್ಚಿಸಿ ಕೂರಿಸಿದ ಹಾಗೆ.

ಆದರೆ ಇಂಜಿನ್ ಸುತ್ತಲಿನ ಗಾಳಿಯ ಬಿಸಿ ಬೇರೆ ವಿಷಯ. ಅಲ್ಲಿ ವ್ಯತ್ಯಾಸ ಗೊತ್ತಾಯಿತು, ಅದೂ ಗಾಡಿ ನಿಂತ ಮೇಲೆ. ಓಡುತ್ತಿರುವಾಗ ಫ್ಯಾನು, ಎದುರು ಗಾಳಿ, ತಿರುಗುವ ನೀರು ಎಲ್ಲಾ ಸೇರಿ ಬಿಸಿ ಎಳೆದೊಯ್ಯುತ್ತವೆ. ಆಫ್ ಮಾಡಿದ ಕೂಡಲೇ ಎಲ್ಲಾ ನಿಂತುಹೋಗುತ್ತೆ. ಕಾದ ಕಬ್ಬಿಣದ ರಾಶಿ ಮುಚ್ಚಿದ ಕೋಣೆಯಲ್ಲಿ ಕೂತು ಕುದಿಯೋಕೆ ಶುರು. ಅದರ ನೆತ್ತಿಯ ಮೇಲಿರೋದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್. ಈಗಿನ ಪೆಟ್ರೋಲಿನಲ್ಲಿ ಇಲ್ಲಿ ನೂರಕ್ಕೆ 10 ಪಾಲು ಎಥನಾಲ್. ಅದು ಬೇಗ ಆವಿಯಾಗುತ್ತೆ. ಪೈಪಿನಲ್ಲಿ ಪೆಟ್ರೋಲ್ ಬದಲು ಆವಿ ಕೂತರೆ ಪಂಪು ಎಳೆಯೋದು ಬರೀ ಗಾಳಿ. ಆ ಕಾಲದ ಕಾರ್ಬ್ಯುರೇಟರ್ ಗಾಡಿಗಳಿಗೆಲ್ಲ ಇರೋ ಕಾಯಿಲೆ ಇದು. ಪೆಟ್ರೋಲ್ ಬಂಕಿನಲ್ಲಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ಕೀ ತಿರುಗಿಸುವಾಗ ನಾನು ಯಾವಾಗಲೂ ಉಸಿರು ಬಿಗಿಹಿಡಿಯುತ್ತಿದ್ದೆ. ಲೈನರ್ ಬಿಚ್ಚಿದ ಮೇಲೆ ಆ ಕೋಣೆ ಬೇಗ ತಣ್ಣಗಾಗುತ್ತಿತ್ತು, ಗಾಡಿ ಬೇಗ ಸ್ಟಾರ್ಟ್ ಆಗುತ್ತಿತ್ತು. ಬಿಚ್ಚುವವರ ವಾದದಲ್ಲಿ ಇಷ್ಟು ನಿಜವಿದೆ, ಒಪ್ಪಿಕೊಳ್ಳಬೇಕು.

ಜುಲೈನಲ್ಲಿ ಉತ್ತರಕ್ಕೆ ಹೊರಟೆವು. ಚಿತ್ರಾನ್ನ, ಚಕ್ಕುಲಿ, ಒಂದು ಡಬ್ಬಿ ಮೆಂತ್ಯದ ಹಿಟ್ಟು. ಮನೆ ಹತ್ತಿರ ಐ-75 ಹೆದ್ದಾರಿ ಹತ್ತಿದರೆ ನೇರ ಮ್ಯಾಕಿನಾ ಸೇತುವೆ. ಮಿಷಿಗನ್‌ನ ಎರಡು ತುಂಡುಗಳನ್ನು ಸೇರಿಸುವ ಸೇತುವೆ ಇದು. ಸುಮಾರು 8 ಕಿಲೋಮೀಟರ್ ಉದ್ದ, 1957ರಲ್ಲಿ ತೆರೆದದ್ದು. ಹೊರಗಿನ ಲೇನಿಗೆ ಟಾರು. ಒಳಗಿನ ಲೇನು ಬರೀ ಉಕ್ಕಿನ ಜಾಲರಿ, ಗಾಳಿ ಹಾದುಹೋಗಲಿ ಅಂತ. ಗಾಜಿನ ಲೋಟದ ತಳದಲ್ಲಿ ಕಂಡ ಹಾಗೆ ಕೆಳಗೆ ನೀಲಿ ನೀರು ಕಾಣುತ್ತೆ. ಆ ದಿನ ಹೊರಗಿನ ಲೇನಿನಲ್ಲಿ ರಿಪೇರಿ ನಡೆದಿತ್ತು. ನಮ್ಮನ್ನು ಜಾಲರಿ ಮೇಲೆ ಬಿಟ್ಟರು.

ಟೈರು ಜಾಲರಿ ಮುಟ್ಟಿದ್ದೇ ತಡ, ಗಾಡಿಯೊಳಗೆ ಸಾವಿರ ಜೇನುಗೂಡು ಒಟ್ಟಿಗೆ ಎದ್ದ ಹಾಗಾಯಿತು. ಆ ಸೇತುವೆಯ ಮೇಲೆ ಎಲ್ಲಾ ಗಾಡಿಯೂ ಗುಂಯ್ಗುಡುತ್ತೆ, ಸರಿ. ಆದರೆ ಹಿಂದಿನ ವರ್ಷ ಇದೇ ಗಾಡಿಯಲ್ಲಿ ಇದೇ ಜಾಲರಿ ಮೇಲೆ ನಾವು ಮಾತಾಡಿಕೊಂಡು ದಾಟಿದ್ದೆವು. ಈ ಸಲ ಮಗಳು ಹಿಂದಿನಿಂದ ಏನೋ ಕೂಗಿದ್ದು ಬಾಯಿ ಆಡಿದ್ದರಿಂದ ಮಾತ್ರ ಕನ್ನಡಿಯಲ್ಲಿ ಗೊತ್ತಾಯಿತು. ಶಬ್ದ ತಡೆಯೋದೂ ಆ ಹಾಳೆಯ ಕೆಲಸ ಅಂತ ನನಗೆ ಹೊಳೆದೇ ಇರಲಿಲ್ಲ.

ಸೇತುವೆ ದಾಟಿ, ಸರೋವರದ ದಡ ಹಿಡಿದು ಪಶ್ಚಿಮಕ್ಕೆ ಹೊರಟ ಮೇಲೆ ಮಳೆ ಬಂತು. ನಮ್ಮ ಮಲೆನಾಡಿನ ಮಳೆಯಲ್ಲ. ಅಡ್ಡಡ್ಡ ಬೀಸಿ ಅರ್ಧ ಗಂಟೆಯಲ್ಲಿ ಮುಗಿಯುವ ಮಳೆ. ರಸ್ತೆಯಲ್ಲಿ ನಿಂತ ನೀರಿಗೆ ಚಕ್ರ ಇಳಿದಾಗ ಕಾಲ ಕೆಳಗಿನಿಂದ "ಚುಂಯ್" ಅಂತ ಸದ್ದು. ಕಾದ ಹೆಂಚಿಗೆ ನೀರು ಚಿಮುಕಿಸಿ ನೋಡ್ತೀವಲ್ಲ, ಥೇಟ್ ಅದೇ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಕದ ಕಬ್ಬಿಣ. ಅಷ್ಟು ಕಾದಿದ್ದಾಗ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ಆಮೇಲೆ ಪವರ್ ಸ್ಟೇರಿಂಗ್ ಪಂಪು ತಿರುಗಿಸುವ ಬೆಲ್ಟು ಒದ್ದೆಯಾಗಿ ಜಾರಿ ಕಿರುಚತೊಡಗಿತು. ಸ್ಟೇರಿಂಗ್ ಒಂದು ಕ್ಷಣ ಕಲ್ಲಾಯಿತು, ಮತ್ತೆ ಹಗುರಾಯಿತು. ನಾನು ಪಕ್ಕಕ್ಕೆ ನಿಲ್ಲಿಸಿ, ಮಳೆ ನಿಲ್ಲುವವರೆಗೆ ಚಕ್ಕುಲಿ ತಿಂದೆ. ನನ್ನವಳು ಏನೂ ಹೇಳಲಿಲ್ಲ. ಲೈನರ್ ಎಲ್ಲಿದೆ ಅಂತ ಮಾತ್ರ ಕೇಳಿದಳು. ಗ್ಯಾರೇಜಿನ ಗೋಡೆಗೆ ಒರಗಿಸಿಟ್ಟಿದ್ದೀನಿ ಅಂದೆ. ನಮ್ಮ ಮನೆಯಲ್ಲಿ ಅಟ್ಟ ಇಲ್ಲ.

ಮನೆಗೆ ಬಂದು ಮತ್ತೆ ರಟ್ಟಿನ ಮೇಲೆ ಮಲಗಿದೆ. ಜೂನ್‌ನಲ್ಲಿ ಅಷ್ಟು ಚೆಂದ ಕಂಡ ಗೂಡಿನ ತುಂಬ ಕೆಸರು. ವೈರಿನ ಗೊಂಚಲಿನಲ್ಲಿ ಒಂದು ಪೈನ್ ಎಲೆಗಳ ಕಂತೆ. ಬರೀ ಐದು ದಿನದ ಪ್ರವಾಸ.

ಇಷ್ಟೇ ಆಗಿದ್ದರೆ ಲೈನರ್ ವಾಪಸ್ ಹಾಕಿ ಕೈ ತೊಳೆದುಕೊಳ್ಳುತ್ತಿದ್ದೆ. ಹಾಗೆ ಮಾಡದಿರಲು ಕಾರಣ, ಲೈನರ್ ಮೊದಲ ಸಲ ಬಿಚ್ಚಿದಾಗ ಅದರ ಹಿಂದೆ ಕಂಡದ್ದು. ಬಲಗಡೆಯದರ ಮೇಲಂಚಿನಲ್ಲಿ ಇಲಿ ಗೂಡು. ಚಳಿಗಾಲದಲ್ಲಿ ನಿಂತ ಗಾಡಿ ಅಂದರೆ ಇಲ್ಲಿನ ಇಲಿಗಳಿಗೆ ಛತ್ರ ಇದ್ದ ಹಾಗೆ. ಎಡಗಡೆಯದರ ಕೆಳಮೂಲೆ ಯಾವಾಗಲೋ ಮುರಿದಿತ್ತು, ಹಿಂದಿನ ಮಾಲೀಕರು ಅಲ್ಯೂಮಿನಿಯಂ ತಗಡಿನ ತೇಪೆ ಹಾಕಿದ್ದರು. ತೇಪೆಯ ಹಿಂದೆ ಒಂದು ಬೊಗಸೆ ಮಣ್ಣು, ಕೊಳೆತ ಎಲೆ. ಬೆರಳಿಟ್ಟರೆ ತೇವ. ಅದರ ಕೆಳಗೆ ಚಾಸಿಯ ಉಕ್ಕು ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿತ್ತು. ಸ್ಕ್ರೂಡ್ರೈವರ್‌ನಿಂದ ಕೆದಕಿದರೆ ಒಂದು ಹಿಡಿ ಕೆಂಪು ತುಕ್ಕು ನನ್ನ ಮುಖದ ಮೇಲೆ ಉದುರಿತು.

ಈ ಊರಿನಲ್ಲಿ ತುಕ್ಕಿನ ಮೂಲ ಉಪ್ಪು. ಹಿಮ ಬಿದ್ದಾಗ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅದು ಬರೋದು ದೂರದಿಂದೇನಲ್ಲ. ಡೆಟ್ರಾಯಿಟ್ ನಗರದ ಕೆಳಗೆ, ಸುಮಾರು 1,200 ಅಡಿ ಆಳದಲ್ಲಿ, ನೂರು ವರ್ಷಕ್ಕೂ ಹಳೆಯದಾದ ಉಪ್ಪಿನ ಗಣಿಯೇ ಇದೆ. ಮೇಲೆ ಕಾರು ಮಾಡೋ ಊರು, ಕೆಳಗೆ ಕಾರು ತಿನ್ನೋ ಉಪ್ಪು. ನಾವು ಚಳಿಗಾಲದಲ್ಲಿ ಗಾಡಿ ತೆಗೆಯೋದೇ ಇಲ್ಲ. ನೀರಿನ ಪೈಪುಗಳಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ಹಾಕಿ ಮೇ ತಿಂಗಳವರೆಗೆ ಮಲಗಿಸುತ್ತೇವೆ. ಆದರೆ ಮುಂಚಿನವರು ಓಡಿಸಿರಬೇಕು. ಅವರು ಮೆತ್ತಿಸಿಕೊಂಡ ಉಪ್ಪು ಲೈನರ್ ಹಿಂದಿನ ಮಣ್ಣಿನಲ್ಲಿ ಹಾಗೇ ಕೂತಿತ್ತು. ಪ್ರತಿ ಮಳೆಗಾಲ ತೇವ ಕುಡಿದು ಮತ್ತೆ ಜೀವ ಹಿಡಿಯುತ್ತಿತ್ತು. ಈ ಗಾಡಿಯ ಮೈ ಅಲ್ಯೂಮಿನಿಯಂ ಮತ್ತು ಫೈಬರ್ ಗ್ಲಾಸ್, ಅದಕ್ಕೆ ತುಕ್ಕಿನ ಭಯವಿಲ್ಲ. ಕೆಳಗಿನ ಚಾಸಿ ಮಾತ್ರ ಉಕ್ಕು. ಹೊರಗಿನಿಂದ ನೋಡಿದವರು ಐವತ್ತು ವರ್ಷಕ್ಕೆ ಏನು ಚೆನ್ನಾಗಿದೆ ಅನ್ನುತ್ತಾರೆ. ಒಳಗೆ ಹಪ್ಪಳ.

ಅಂದರೆ, ಕೆಸರು ಒಳಗೆ ಬರಬಾರದು ಅಂತ ಇಟ್ಟ ಹಾಳೆ, ಒಳಗೆ ಬಂದ ಕೆಸರನ್ನು ಹೊರಗೆ ಹೋಗಲೂ ಬಿಟ್ಟಿರಲಿಲ್ಲ. ನನ್ನ ಕಣ್ಣಿಗೆ ಬೀಳಲೂ ಬಿಟ್ಟಿರಲಿಲ್ಲ.

ಪಕ್ಕದ ಮನೆಯ ಹಿರಿಯರು ಪಾಂಟಿಯಾಕ್‌ನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅವರಿಗೆ ಲೈನರ್ ತೋರಿಸಿ ಕೇಳಿದೆ. ಒಂದು ಬೋಲ್ಟು ಉಳಿಸಲು ಆಫೀಸಿನವರು ತಿಂಗಳುಗಟ್ಟಲೆ ಮೀಟಿಂಗ್ ಮಾಡುತ್ತಿದ್ದರು, ಇಷ್ಟು ದೊಡ್ಡ ತುಂಡನ್ನು ಬೇಡದೆ ಹಾಕಿರುತ್ತಾರಾ ಅಂತ ಅವರು ಕೇಳಿದರು. ಅಪ್ಪನ ಪ್ರಶ್ನೆಯೇ. ಆದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತೂ ಹೇಳಿದರು. ಅದನ್ನು ಹಾಕಿದವರು ಗಾಡಿ ಹತ್ತು ವರ್ಷ ಬಾಳುತ್ತೆ ಅಂದುಕೊಂಡು ಹಾಕಿದ್ದು, ಐವತ್ತು ವರ್ಷದ ಮೇಲೆ ನೀನು ಬಂದು ಅದರ ಕೆಳಗೆ ಮಲಗುತ್ತೀಯ ಅಂತ ಅಲ್ಲ.

ನನಗೆ ಬೇಕಿದ್ದದ್ದು ಈ ಮಾತು. ಇಡಬೇಕಾ ತೆಗೀಬೇಕಾ ಅಂತ ಕೇಳಿಕೊಂಡು ತಲೆ ಕೆಡಿಸಿಕೊಂಡಿದ್ದೆ. ಅದನ್ನು ಮಾಡಿದವರಿಗೆ ಹೊರಗಿನದು ಒಳಗೆ ಬರದಿದ್ದರೆ ಸಾಕಿತ್ತು. ನನಗೆ ಅದರ ಜೊತೆಗೆ ಒಳಗಿನದು ಕಾಣಲೂ ಬೇಕು. ವರ್ಷಕ್ಕೆ ಎರಡು ಸಲ ಸುಲಭವಾಗಿ ಬಿಚ್ಚಿಕೊಳ್ಳುವ ಲೈನರ್ ಆಗಿದ್ದರೆ ಆ ಬೊಗಸೆ ಮಣ್ಣು ಅಲ್ಲಿ ಕೂರುತ್ತಲೇ ಇರಲಿಲ್ಲ.

ಹಿಂದಿನ ಚಕ್ರಗಳ ವಿಷಯದಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ. ಅಲ್ಲಿನ ಹೊದಿಕೆ ಮುಟ್ಟಬಾರದು. ಅಲ್ಲಿ ಇಂಜಿನ್ ಇಲ್ಲ, ಬಿಸಿಯ ಮಾತಿಲ್ಲ. ಇರೋದು ಮೇಲೆ ಮನೆ, ಕೆಳಗೆ ಟೈರು. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಟೈರಿನ ಎತ್ತರ ಸುಮಾರು 75 ಸೆಂಟಿಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದು ಸೆಕೆಂಡಿಗೆ ಹೆಚ್ಚುಕಡಿಮೆ 12 ಸುತ್ತು ಸುತ್ತುತ್ತೆ. ಟೈರಿನ ಸಂದಿನಲ್ಲಿ ಸಿಕ್ಕಿಕೊಂಡ 10 ಗ್ರಾಂ ಕಲ್ಲು ಆಗ 2 ಕಿಲೋ ತೂಕ ಎಳೆದಷ್ಟು ಜೋರಾಗಿ ಹೊರಕ್ಕೆ ಎಳೆಯುತ್ತಿರುತ್ತೆ. ಕಲ್ಲಿನ ಬದಲು ಟೈರಿನ ಮೇಲ್ಪದರವೇ ಒಂದು ಮೊಳ ಕಿತ್ತು ಬಂದರೆ? ಸೆಕೆಂಡಿಗೆ 12 ಚಾಟಿ ಏಟು. ವೇಗ ಸಮನಾಗಿ ಇಳಿಸುತ್ತಾ ಹತ್ತು ಸೆಕೆಂಡಿನಲ್ಲಿ ನಿಲ್ಲಿಸಿದರೂ ಅರವತ್ತರ ಹತ್ತಿರ. ಅದರ ದಾರಿಯಲ್ಲಿ ಬ್ರೇಕ್ ಪೈಪು, ಗಾಳಿಚೀಲದ ಕೊಳವೆ, ವೈರು, ಆಮೇಲೆ ನಮ್ಮ ನೆಲ.

ಮೋಟಾರ್‌ಹೋಮ್ ಟೈರುಗಳು ಸವೆದು ಸಾಯೋದು ಅಪರೂಪ. ನಿಂತು ನಿಂತು, ಮುದಿಯಾಗಿ ಸಾಯುತ್ತವೆ. ಮೇಲೆ ಹೊಸದರ ಹಾಗೇ ಕಾಣುತ್ತವೆ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಅದನ್ನು ಓದಬೇಕು. 3214 ಅಂತಿದ್ದರೆ 2014ರ 32ನೇ ವಾರ ಹುಟ್ಟಿದ್ದು ಅಂತ ಅರ್ಥ. ಲೈನರ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು ಈ ನಾಲ್ಕು ಅಂಕಿ ನೋಡಿರೋದಿಲ್ಲ. ನಾನೂ ನೋಡಿರಲಿಲ್ಲ. ನೋಡಿದ ವಾರವೇ ಆರೂ ಟೈರು ಬದಲಾಯಿಸಿದೆ. ಖರ್ಚಿನ ಮಾತು ಇಲ್ಲಿ ಬೇಡ, ಮನೆಯಲ್ಲೂ ಇದನ್ನು ಓದುತ್ತಾರೆ.

ಆಗಸ್ಟ್ ಪೂರ್ತಿ ವಾರಾಂತ್ಯಗಳೆಲ್ಲ ಮುಂದಿನ ಗೂಡಿಗೇ ಹೋದವು. ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಗಟ್ಟಿ ಲೋಹ ಸಿಕ್ಕಿದ ಮೇಲೆ ಪ್ರೈಮರ್, ಬಣ್ಣ. ಪುಣ್ಯಕ್ಕೆ ತೂತು ಬಿದ್ದಿರಲಿಲ್ಲ. ಪೆಟ್ರೋಲ್ ಪೈಪಿಗೆ ಬಿಸಿ ತಡೆಯುವ ತೋಳು ಹಾಕಿ, ಟ್ಯಾಂಕಿನ ಹತ್ತಿರ ಒಂದು ಎಲೆಕ್ಟ್ರಿಕ್ ಪಂಪು ಕೂರಿಸಿದೆ. ಬಿಸಿಯ ಸಮಸ್ಯೆಗೆ ನಿಜವಾದ ಮದ್ದು ಅದು. ಲೈನರ್ ಬಿಚ್ಚಿ ಸಿಗುತ್ತಿದ್ದ ಲಾಭ ಈಗ ಅದಿದ್ದರೂ ಸಿಗುತ್ತಿದೆ. ಎಡಗಡೆಯ ತೇಪೆ ಕಿತ್ತು ಹೊಸದು ಹಾಕಿದೆ, ಕೆಳಗಡೆ ಒಂದು ಬೆರಳಗಲ ಸಂದು ಬಿಟ್ಟು. ನೀರು ಬಂದರೆ ಇಳಿದು ಹೋಗಲಿ. ಲೈನರ್‌ಗೆ ಕತ್ತರಿ ಹಾಕಲಿಲ್ಲ. ಇಂಥ ಗಾಡಿಯ ತುಂಡು ಒಮ್ಮೆ ಹಾಳಾದರೆ ಇನ್ನೊಂದು ಹುಡುಕೋದು ಸುಲಭವಲ್ಲ.

ಕೊನೆಗೆ ಬೋಲ್ಟು. ಹಳೆಯವೆಲ್ಲ ತುಕ್ಕು ಹಿಡಿದು, ಬಿಚ್ಚುವಾಗ ಅರ್ಧಕ್ಕರ್ಧ ತಲೆ ಸವೆದಿದ್ದವು. ಅವುಗಳ ಬದಲು ಕಾಲು ಸುತ್ತು ತಿರುಗಿಸಿದರೆ ಬಿಚ್ಚಿಕೊಳ್ಳುವ ಚಿಲಕದಂಥ ಫಾಸ್ಟನರ್ ಹಾಕಿದೆ. ಸಣ್ಣ ವಿಮಾನಗಳ ಮುಚ್ಚಳಕ್ಕೆ ಹಾಕುವ ತರಹದ್ದು. ಸ್ಕ್ರೂಡ್ರೈವರ್ ಇಲ್ಲದಿದ್ದರೆ ಒಂದು ಕಾಸು ಸಾಕು. ಚಕ್ರ ಬಿಚ್ಚಿದ ಮೇಲೆ ಎರಡು ನಿಮಿಷದಲ್ಲಿ ಲೈನರ್ ಕೈಗೆ ಬರುತ್ತೆ. ಮೇನಲ್ಲಿ ಗಾಡಿ ಎಬ್ಬಿಸುವಾಗ ಒಂದು ಸಲ, ಅಕ್ಟೋಬರ್‌ನಲ್ಲಿ ಮಲಗಿಸುವಾಗ ಒಂದು ಸಲ ಬಿಚ್ಚಿ, ಹೋಸ್ ಹಿಡಿದು ತೊಳೆದು, ಒಣಗಿಸಿ ಹಾಕೋದು ಅಂತ ಇಟ್ಟುಕೊಂಡಿದ್ದೀನಿ.

ಎಲ್ಲಾ ಮುಗಿದ ದಿನ ಹಾಸನಕ್ಕೆ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು, ಫೋನನ್ನು ಮೂಗಿನ ಹತ್ತಿರ ತಂದುಕೊಂಡು ನೋಡಿದರು.

"ಬೋಲ್ಟು ಎಷ್ಟು ಮಿಕ್ಕಿದ್ವೋ?"

ಕಾಫಿಪುಡಿ ಡಬ್ಬಿಯಲ್ಲಿ ಹಳೆಯವನ್ನೆಲ್ಲ ಹಾಕಿಟ್ಟಿದ್ದೆ. ಎತ್ತಿ ಅಲ್ಲಾಡಿಸಿದೆ. "ಹತ್ತೊಂಬತ್ತು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಗಾಡಿ ಓಡ್ತಿದೆಯಾ?"

"ಓಡ್ತಿದೆ ಅಪ್ಪ."

"ಹಾಗಾದ್ರೆ ಬಿಡು," ಅಂದು ಫೋನನ್ನು ಅಮ್ಮನ ಕೈಗೆ ಕೊಟ್ಟರು.